ತಕ್ಕಡಿಯಲ್ಲಿ ಟೈಬೀರಿಯಸ್

ನಾನು ಬ್ಯಾಂಕಿನ ಒಡವೆ ಸಾಲದ ಕೌಂಟರಿನಲ್ಲಿ ಹದಿನೇಳು ವರ್ಷ ಕೂತವಳು. ಓದಿದ್ದು ಬಿ.ಕಾಂ., ಇತಿಹಾಸಕ್ಕೂ ನನಗೂ ದೂರ. ರೋಮ್ ನಾಣ್ಯದ ಹುಚ್ಚು ಹತ್ತಿದ್ದು ನಿವೃತ್ತಿಯಾದ ಮೇಲೆ. ಹತ್ತಿಸಿದವರು ನಮ್ಮ ಬೀದಿಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವರು, ನಾಣ್ಯ ಕೂಡಿಡುವುದು ಅವರ ಚಟ. ಒಂದು ಸಂಜೆ ಮನೆಗೆ ಕರೆದು ಮರದ ಪೆಟ್ಟಿಗೆಯೊಂದನ್ನು ತೆಗೆದರು. ಒಳಗೆ ಕೆಂಪು ಬಟ್ಟೆಯ ಮೇಲೆ ಹನ್ನೊಂದು ಬೆಳ್ಳಿ ಬಿಲ್ಲೆ.

"ಡಿನೇರಿಯಸ್ ಅಂತ. ನೀವು ತೂಗೋದರಲ್ಲಿ ಪಳಗಿದವರಲ್ವಾ, ತೂಗಿ ಹೇಳಿ ನೋಡೋಣ" ಎಂದರು.

ಮರುದಿನ ನನ್ನ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ತಗೊಂಡು ಹೋದೆ. ಹತ್ತು ನಾಣ್ಯಗಳು 3.6ರಿಂದ 3.8 ಗ್ರಾಮಿನ ಒಳಗೇ ನಿಂತವು. ಹನ್ನೊಂದನೆಯದು ಮಾತ್ರ 3.1. ಅದನ್ನು ಪಕ್ಕಕ್ಕೆ ಇಟ್ಟೆ, ಅದರ ಕಥೆ ಆಮೇಲೆ.

ಎರಡು ಸಾವಿರ ವರ್ಷ ಹಳೆಯ, ಎಷ್ಟೋ ಕೈ ಬದಲಿಸಿ ಸವೆದ ಹತ್ತು ನಾಣ್ಯಗಳ ತೂಕ ಇಷ್ಟು ಹತ್ತಿರ ಬರುತ್ತದೆ ಅಂದರೆ ಅದು ಸಣ್ಣ ಮಾತಲ್ಲ. ಹೊಸದರಲ್ಲಿ ರೋಮಿನವರು ಒಂದು ಪೌಂಡ್ ಬೆಳ್ಳಿಗೆ 84 ನಾಣ್ಯ ಅಚ್ಚು ಹಾಕುತ್ತಿದ್ದರು. ಅವರ ಪೌಂಡು ಸುಮಾರು 325 ಗ್ರಾಂ. ಭಾಗಿಸಿ ನೋಡಿದರೆ ಒಂದಕ್ಕೆ 3.87 ಗ್ರಾಂ ಬರುತ್ತದೆ. ಇದನ್ನು ನನಗಿಂತ ಮೊದಲೇ ಗಮನಿಸಿ ಬೆರಗಾದವನು ಒಬ್ಬ ಸಿಂಹಳದ ರಾಜ. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ರೋಮಿನ ತೆರಿಗೆ ಗುತ್ತಿಗೆದಾರನೊಬ್ಬನ ಆಳು ಬಿರುಗಾಳಿಗೆ ಸಿಕ್ಕಿ ಆ ದ್ವೀಪಕ್ಕೆ ಬಂದು ಬಿದ್ದನಂತೆ. ಅವನ ಬಳಿ ಇದ್ದ ನಾಣ್ಯಗಳ ಮೇಲೆ ಬೇರೆ ಬೇರೆ ಮುಖಗಳಿದ್ದರೂ ತೂಕ ಮಾತ್ರ ಒಂದೇ. ಅದನ್ನು ನೋಡಿ ರಾಜ, ಇವರು ಪ್ರಾಮಾಣಿಕರು ಅಂತ ತೀರ್ಮಾನಿಸಿ ರೋಮಿಗೆ ದೂತರನ್ನು ಕಳಿಸಿದನಂತೆ. ಹೇಳಿದವನು ಆ ಕಾಲದ ರೋಮಿನ ಲೇಖಕ ಪ್ಲೀನಿ. ಕಥೆ ಎಷ್ಟು ನಿಜವೋ. ಆದರೆ ತಕ್ಕಡಿ ನೋಡಿ ಮನುಷ್ಯನನ್ನು ಅಳೆಯುವ ಆ ರಾಜ ನಮ್ಮ ಕೌಂಟರಿನಲ್ಲಿ ಕೂರಬೇಕಿದ್ದವನು.

ಓದಲು ಕಲಿತದ್ದು ಹೀಗೆ. ಲ್ಯಾಟಿನ್ ನನಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸುತ್ತಲಿನ ಬರಹದಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಅರ್ಧಕ್ಕರ್ಧ ಮೊಟಕು. ಹಾಗಾಗಿ ಮೊದಲು ಚಿತ್ರವನ್ನು ಗುರುತು ಇಟ್ಟುಕೊಂಡೆ. ಒಂದು ಬಗೆಯಲ್ಲಿ ಇಬ್ಬರು ಹುಡುಗರು ನಿಂತಿದ್ದಾರೆ, ಮಧ್ಯೆ ಗುರಾಣಿ, ಈಟಿ. ಇದಕ್ಕೆ ನಾನಿಟ್ಟ ಹೆಸರು 'ಅಣ್ಣ ತಮ್ಮ'. ಇನ್ನೊಂದರಲ್ಲಿ ಹೆಂಗಸೊಬ್ಬಳು ಕುರ್ಚಿಯ ಮೇಲೆ ಕೂತಿದ್ದಾಳೆ, ಕೈಯಲ್ಲಿ ಉದ್ದನೆಯ ಕೋಲು. ಇದು 'ಕೂತ ಅಮ್ಮ'. ಮೊದಲನೆಯದು ರೋಮಿನ ಮೊದಲ ಚಕ್ರವರ್ತಿ ಅಗಸ್ಟಸನದು. ಆ ಹುಡುಗರು ಅವನ ಮೊಮ್ಮಕ್ಕಳು ಗೇಯಸ್ ಮತ್ತು ಲೂಸಿಯಸ್, ಅವನೇ ದತ್ತು ತಗೊಂಡಿದ್ದ. ಇಬ್ಬರೂ ಅಜ್ಜ ಬದುಕಿದ್ದಾಗಲೇ ತೀರಿಕೊಂಡರು, ಒಬ್ಬ ಕ್ರಿ.ಶ. 2ರಲ್ಲಿ, ಇನ್ನೊಬ್ಬ 4ರಲ್ಲಿ. ಎರಡನೆಯ ಬಗೆ ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸನದು. ಮೇಷ್ಟ್ರ ಹನ್ನೊಂದರಲ್ಲಿ ಒಂಬತ್ತು ಈ ಎರಡೇ ಬಗೆ.

ಇಲ್ಲಿ ನಾನು ಮಾಡಿದ ಒಂದು ಪಾಪ ಒಪ್ಪಿಕೊಂಡುಬಿಡುತ್ತೇನೆ. ಒಂದು ನಾಣ್ಯದ ಅಕ್ಷರ ಕಪ್ಪು ಹಿಡಿದು ಕಾಣುತ್ತಿರಲಿಲ್ಲ. ಮನೆಯಲ್ಲಿ ಬೆಳ್ಳಿ ದೀಪ ತೊಳೆಯುವ ಹಾಗೆ ವಿಭೂತಿ ಹಾಕಿ ಉಜ್ಜಿಬಿಟ್ಟೆ. ಫಳಫಳ ಹೊಳೆಯಿತು. ಮೇಷ್ಟ್ರು ಒಂದು ನಿಮಿಷ ಮಾತಾಡಲಿಲ್ಲ. ಕಪ್ಪಿನ ಜೊತೆ ಅಕ್ಷರದ ಅಂಚೂ ಹೋಗಿತ್ತು. ಅಂದಿನಿಂದ ಉಜ್ಜುವುದಿಲ್ಲ. ಟಾರ್ಚನ್ನು ಒಂದು ಪಕ್ಕದಿಂದ, ಮೇಜಿಗೆ ತಾಗುವಷ್ಟು ಕೆಳಗೆ ಹಿಡಿದು ಫೋನಿನಲ್ಲಿ ಫೋಟೋ ತೆಗೆಯುತ್ತೇನೆ. ಅಡ್ಡ ಬೆಳಕಿಗೆ ಸವೆದ ಅಕ್ಷರವೂ ನೆರಳು ಚೆಲ್ಲುತ್ತದೆ. ಬೆಳಕನ್ನು ನಾಲ್ಕು ದಿಕ್ಕಿಗೆ ತಿರುಗಿಸಿದರೆ ನಾಲ್ಕು ಬೇರೆ ಅಕ್ಷರ ಸಿಗುತ್ತವೆ.

ಮೇಷ್ಟ್ರ ನಾಣ್ಯಗಳು ಹರಾಜಿನಲ್ಲಿ ಕೊಂಡವು, ರಸೀದಿ ಇದೆ. ಆದರೆ ಯಾವ ಊರಿನ ಯಾವ ಮಡಕೆಯಿಂದ ಎದ್ದು ಬಂದವು ಅನ್ನುವುದು ರಸೀದಿಯಲ್ಲಿಲ್ಲ. ವ್ಯಾಪಾರದ ಬಗ್ಗೆ ಅವು ಏನನ್ನೂ ಸಾಬೀತು ಮಾಡುವುದಿಲ್ಲ. ಇಲ್ಲೇ ಸಿಕ್ಕವೋ, ಹೋದ ವರ್ಷ ವಿಮಾನದಲ್ಲಿ ಬಂದವೋ! ಸಾಕ್ಷಿ ಆಗುವುದು ನಿಧಿ, ಅದೂ ಸಿಕ್ಕ ಜಾಗ, ಒಟ್ಟು ಎಷ್ಟು, ಜೊತೆಗೆ ಏನಿತ್ತು ಅಂತ ಬರೆದಿಟ್ಟ ನಿಧಿ. ಹಾಗಾಗಿ ಅಚ್ಚಾಗಿರುವ ವರದಿಗಳಿಂದ ದಕ್ಷಿಣ ಭಾರತದ ರೋಮ್ ನಿಧಿಗಳ ಪಟ್ಟಿ ಮಾಡಲು ಕೂತೆ. ಬ್ಯಾಂಕಿನ ಅಭ್ಯಾಸ, ಲೆಡ್ಜರ್ ಇಲ್ಲದೆ ಕೈ ಓಡುವುದಿಲ್ಲ.

ಮೊದಲ ಸಾಲಿಗೇ ನಮ್ಮ ಬೆಂಗಳೂರು ಬಂತು. ಯಶವಂತಪುರದಲ್ಲಿ 1891ರಲ್ಲಿ 163 ಡಿನೇರಿಯಸ್. ಎಚ್.ಎ.ಎಲ್. ವಿಮಾನ ನಿಲ್ದಾಣದ ಹತ್ತಿರ 1965ರಲ್ಲಿ 256. ನಾನು ಎಷ್ಟೋ ಸಲ ಯಶವಂತಪುರ ಸ್ಟೇಷನ್ನಿನಲ್ಲಿ ರೈಲಿಗೆ ಕಾದಿದ್ದೇನೆ. ಅಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ನೆಲದಡಿ ಮಲಗಿದ್ದರು ಅನ್ನುವುದು ಯಾರೂ ಹೇಳಿರಲಿಲ್ಲ. ಆಮೇಲೆ ತಮಿಳುನಾಡಿನ ಬುದಿನತ್ತಂ, 1398 ಬೆಳ್ಳಿ ನಾಣ್ಯ. ತೆಲಂಗಾಣದ ಅಕ್ಕನಪಲ್ಲಿ, 1531. ಪುದುಕ್ಕೋಟ್ಟೈಯಲ್ಲಿ 1898ರಲ್ಲಿ 501 ಚಿನ್ನದ ನಾಣ್ಯ. ಕೇರಳದ ಇಯ್ಯಾಲಿನಲ್ಲಿ 1946ರಲ್ಲಿ ರೋಮಿನ ಚಿನ್ನ, ಬೆಳ್ಳಿಯ ಜೊತೆಗೆ ನಮ್ಮದೇ ಹಳೆಯ ಮುದ್ರೆ ಒತ್ತಿದ ಬೆಳ್ಳಿ ನಾಣ್ಯಗಳೂ ಒಂದೇ ಕಡೆ ಇದ್ದವು. ಇಯ್ಯಾಲಿನ ಸಾಲು ನನಗೆ ಬಹಳ ಇಷ್ಟ. ಅದನ್ನು ಹೂಳಿದವನಿಗೆ ರೋಮ್, ಇಂಡಿಯಾ ಅಂತ ಭೇದ ಇರಲಿಲ್ಲ. ಬೆಳ್ಳಿ ಅಂದರೆ ಬೆಳ್ಳಿ.

ಪಟ್ಟಿಯಲ್ಲಿ ಎರಡು ತಪ್ಪು ಮಾಡಿದೆ. ಒಂದು, ಒಂದೇ ನಿಧಿಯನ್ನು ಎರಡು ಸಲ ಬರೆದದ್ದು. ಹಳೆಯ ವರದಿಗಳಲ್ಲಿ ಒಬ್ಬರು ಹಳ್ಳಿಯ ಹೆಸರು ಹಾಕಿದರೆ ಇನ್ನೊಬ್ಬರು ಜಿಲ್ಲೆಯ ಹೆಸರು ಹಾಕುತ್ತಾರೆ, ಕಾಗುಣಿತ ಮೂರು ತರಹ. ಸಿಕ್ಕ ವರ್ಷ ಮತ್ತು ನಾಣ್ಯದ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದರೇ ಗುಟ್ಟು ಬಿಡುವುದು.

ಎರಡನೆಯ ತಪ್ಪು ದೊಡ್ಡದು. ಯಶವಂತಪುರದ ಮುಂದೆ 'ಕ್ರಿ.ಪೂ. 27' ಅಂತ ಬರೆದಿದ್ದೆ. ಅದು ಅಗಸ್ಟಸ್ ಪಟ್ಟಕ್ಕೆ ಬಂದ ವರ್ಷ. ಬೆಂಗಳೂರಿಗೆ ಕ್ರಿ.ಪೂ. 27ರಲ್ಲೇ ರೋಮಿನ ಜೊತೆ ವ್ಯಾಪಾರ ಇತ್ತು ಅನ್ನುವ ಮಾತು ಈಗಲೂ ಓಡಾಡುತ್ತಿದೆ, ನಾನೂ ಅದನ್ನೇ ಎತ್ತಿಕೊಂಡಿದ್ದೆ. ಮೇಷ್ಟ್ರು ಕೇಳಿದರು: "ನಿಮ್ಮ ಪರ್ಸಿನಲ್ಲಿ ನಿಮ್ಮಪ್ಪನ ಕಾಲದ ಎಂಟಾಣೆ ಇದ್ದರೆ ನಿಮ್ಮ ಪರ್ಸು ಅಪ್ಪನ ಕಾಲದ್ದಾಗುತ್ತಾ?" ಸರಿ ತಾನೇ. ನಿಧಿಯ ಕಾಲ ಹೇಳುವುದು ಅದರ ಅತಿ ಹೊಸ ನಾಣ್ಯ. ಅದೂ ಪೂರ್ತಿ ಹೇಳುವುದಿಲ್ಲ, 'ಇದಕ್ಕಿಂತ ಮುಂಚೆ ಹೂಳಿರಲು ಸಾಧ್ಯವಿಲ್ಲ' ಅಂತ ಅಷ್ಟೇ. ಕ್ಲಾಡಿಯಸ್ ಆಳಿದ್ದು 41ರಿಂದ 54. ಅವನ ನಾಣ್ಯ ಇದೆ ಅಂದಮೇಲೆ ಹೂಳಿದ್ದು 41ರ ಆಚೆ. ಎಷ್ಟು ಆಚೆ? ಹತ್ತು ವರ್ಷವೂ ಇರಬಹುದು, ಐವತ್ತೂ ಇರಬಹುದು. ಇಡೀ ಕಾಲಂ ಅಳಿಸಿ ಮತ್ತೆ ತುಂಬಿದೆ.

ಚಂದ್ರವಳ್ಳಿಯದು ಬೇರೆ ಮಾತು. ಚಿತ್ರದುರ್ಗದ ಆ ಜಾಗವನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿದರು. ಅಲ್ಲಿ ಟೈಬೀರಿಯಸನ ನಾಣ್ಯವೂ ಶಾತವಾಹನರ ನಾಣ್ಯಗಳೂ ಸಿಕ್ಕವು. ಅಲ್ಲಿ ನಾಣ್ಯ ಒಂಟಿಯಲ್ಲ, ಮಣ್ಣೂ ಸಾಕ್ಷಿ ಹೇಳುತ್ತದೆ.

ಪಟ್ಟಿ ಬೆಳೆಯುತ್ತ ಹೋದಂತೆ ಒಂದು ವಿಷಯ ತಲೆ ಕೊರೆಯತೊಡಗಿತು. ಎಲ್ಲಿ ನೋಡಿದರೂ ಬೆಳ್ಳಿಯಲ್ಲಿ ಅದೇ ಅಣ್ಣ ತಮ್ಮ, ಅದೇ ಕೂತ ಅಮ್ಮ. ರೋಮಿನಲ್ಲಿ ಬೇರೆ ಬಗೆಗಳು ರಾಶಿ ರಾಶಿ ಇದ್ದವು. ನಮ್ಮ ಕಡೆಗೆ ಇವೆರಡೇ ಏಕೆ ಇಷ್ಟು ಜಾಸ್ತಿ ಬಂದವು?

ಉತ್ತರದ ಅರ್ಧ ನನಗೆ ಪುಸ್ತಕದಲ್ಲಿ ಸಿಕ್ಕಿತು, ಇನ್ನರ್ಧ 2016ರ ನವೆಂಬರಿನಲ್ಲೇ ಸಿಕ್ಕಿತ್ತು. ಐನೂರು, ಸಾವಿರದ ನೋಟು ರದ್ದಾದ ಆ ವಾರ ನಾನು ಕ್ಯಾಷಿನಲ್ಲಿದ್ದೆ. ಅಜ್ಜಿಯೊಬ್ಬರು ಸಾಸಿವೆ ಡಬ್ಬಿ ತಂದು ಕೌಂಟರಿನ ಮೇಲೆ ಸುರಿದರು. ನೋಟಿನ ಮೇಲೆಲ್ಲ ಸಾಸಿವೆ. ಒಂದೂ ಹರಿದದ್ದಿಲ್ಲ, ಒಂದೂ ಕೊಳೆಯದಿಲ್ಲ. "ಹರಕು ಮುರುಕು ಸಂತೆಗೆ ಕೊಟ್ಬಿಡ್ತೀನಿ ಕಣವ್ವ, ಚೆನ್ನಾಗಿರೋದು ಡಬ್ಬಿಗೆ" ಎಂದರು. ನಿಧಿ ಅಂದರೆ ಏನು ಅಂತ ನನಗೆ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ. ಜೇಬಿನಲ್ಲಿ ಓಡಾಡುವ ದುಡ್ಡು ಬೇರೆ, ಆರಿಸಿ ಎತ್ತಿಟ್ಟದ್ದು ಬೇರೆ. ಅಜ್ಜಿ ವಾಪಸು ಬಂದು ಡಬ್ಬಿ ತೆಗೆದರು. ಯಶವಂತಪುರದವನು ಬರಲಿಲ್ಲ, ಅಷ್ಟೇ ವ್ಯತ್ಯಾಸ.

ಪುಸ್ತಕದ ಅರ್ಧ ಇದು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ನಾಣ್ಯದ ತೂಕ ಇಳಿಸಿದ. ಪೌಂಡಿಗೆ 84ರ ಬದಲು 96 ಹೊಡೆಸಿದ, ಬೆಳ್ಳಿಗೆ ತಾಮ್ರವನ್ನೂ ಜಾಸ್ತಿ ಬೆರೆಸಿದ. ರೋಮಿನ ಒಳಗೆ ಹೇಗೋ ನಡೆಯಿತು, ಚಕ್ರವರ್ತಿಯ ಮುಖ ಇದೆಯಲ್ಲ. ಸಮುದ್ರದ ಈಚೆಗೆ ಆ ಮುಖಕ್ಕೆ ಬೆಲೆ ಇಲ್ಲ, ಬೆಳ್ಳಿಗೆ ಮಾತ್ರ ಬೆಲೆ. ಇಲ್ಲಿನ ಶರಾಫ ಹಳೆಯ ಪೂರಾ ತೂಕದ ನಾಣ್ಯವನ್ನೇ ಕೇಳಿರಬೇಕು. ಅಣ್ಣ ತಮ್ಮ, ಕೂತ ಅಮ್ಮ ಎರಡೂ ಲೆಕ್ಕವಿಲ್ಲದಷ್ಟು ಅಚ್ಚಾದ ನಾಣ್ಯಗಳು. ನೋಡಿದ ಕೂಡಲೇ ಗುರುತು ಸಿಗುತ್ತವೆ. ಅಂಥ ಗಿರಾಕಿಗೆ ಕೊಡಲು ರೋಮಿನ ವ್ಯಾಪಾರಿ ಹಳೆಯದನ್ನು ಹುಡುಕಿ ತಂದಿರುತ್ತಾನೆ. ಹಾಗಾಗಿ ಟೈಬೀರಿಯಸನ ನಾಣ್ಯ ಟೈಬೀರಿಯಸ್ ಸತ್ತು ಎಷ್ಟೋ ವರ್ಷದ ಮೇಲೂ ಹಡಗು ಹತ್ತಿರಬಹುದು. ಕ್ರಿ.ಶ. 107ರ ಹೊತ್ತಿಗೆ ಟ್ರಾಜನ್ ಚಕ್ರವರ್ತಿ ಹಳೆಯ ಸವೆದ ನಾಣ್ಯಗಳನ್ನೆಲ್ಲ ಕರಗಿಸಿಬಿಟ್ಟ. ಆಮೇಲೆ ಅವು ಸಿಗುವುದೇ ಕಷ್ಟ. ನಿಧಿಯಲ್ಲಿ ಕೊನೆಯ ನಾಣ್ಯ ಯಾವುದು ಅನ್ನುವುದರ ಜೊತೆಗೆ ಯಾವುದು ಇಲ್ಲ ಅನ್ನುವುದನ್ನೂ ನೋಡಬೇಕು ಅಂತ ಆಗ ಗೊತ್ತಾಯಿತು.

ಇನ್ನು ಕಚ್ಚುಗಳ ವಿಷಯ. ಇದರಲ್ಲಿ ನಾನು ಮೇಷ್ಟ್ರ ಜೊತೆ ತಿಂಗಳುಗಟ್ಟಲೆ ವಾದ ಮಾಡಿದ್ದೇನೆ. ಪುದುಕ್ಕೋಟ್ಟೈಯ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚುಕಮ್ಮಿ ಎಲ್ಲದರ ಮೇಲೂ ಚಕ್ರವರ್ತಿಯ ತಲೆಗೆ ಉಳಿಯಿಂದ ಹೊಡೆದ ಗಾಯ ಇದೆ. ಬೆಳ್ಳಿಯ ನಿಧಿಗಳಲ್ಲೂ ಕೆಲವು ಕಡೆ ಗೀರು, ಸಣ್ಣ ಸಣ್ಣ ಮುದ್ರೆ ಇವೆ. ಮೇಷ್ಟ್ರು "ಪರೀಕ್ಷೆಗೆ ಕಡಿದು ನೋಡಿದ್ದಾರೆ" ಎನ್ನುತ್ತಿದ್ದರು. ಮೊದಲು ನಾನೂ ಹೂಂ ಅಂದೆ. ಒಳಗೆ ತಾಮ್ರ ಇಟ್ಟು ಮೇಲೆ ಬೆಳ್ಳಿ ಹೊದಿಸಿದ ಕಳ್ಳ ಡಿನೇರಿಯಸ್‌ಗಳು ಆಗ ಬೇಕಾದಷ್ಟಿದ್ದವು.

ಆದರೆ ನಮ್ಮ ಬ್ಯಾಂಕಿನ ಅಪ್ರೈಸರ್ ಆಚಾರ್ರು ಒಡವೆ ಪರೀಕ್ಷೆ ಮಾಡುವುದನ್ನು ಹದಿನೇಳು ವರ್ಷ ಪಕ್ಕದಲ್ಲೇ ಕೂತು ನೋಡಿದವಳು ನಾನು. ಅವರು ಒರೆಗಲ್ಲಿಗೆ ಉಜ್ಜುವುದು ಒಡವೆಯ ಅಂಚನ್ನು, ಕಾಣದ ಕಡೆ. ಅನುಮಾನ ಬಂದ ಒಂದೆರಡನ್ನು ಮಾತ್ರ ಕೊರೆದು ನೋಡುವುದು. ಐನೂರರಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ, ಅದೂ ಒಂದೇ ಜಾಗಕ್ಕೆ, ಮುಖಕ್ಕೇ ಹೊಡೆಯುವುದು ಪರೀಕ್ಷೆಯ ರೀತಿಯಲ್ಲ. ನನಗೆ ನೆನಪಾದದ್ದು ರದ್ದಾದ ನೋಟಿಗೆ ತೂತು ಹೊಡೆಯುವ ಮೆಷಿನ್ನು. 'ಇದು ಇನ್ನು ದುಡ್ಡಲ್ಲ, ಬರೀ ಚಿನ್ನ' ಅಂತ ಹೇಳುವ ಗುರುತು. ವಿದ್ವಾಂಸರಲ್ಲೂ ಕೆಲವರು ಹೀಗೇ ಯೋಚಿಸಿದ್ದಾರೆ ಅಂತ ಆಮೇಲೆ ಓದಿ ಸ್ವಲ್ಪ ಬೀಗಿದೆ. ಬೆಳ್ಳಿಯ ಮೇಲಿನ ಸಣ್ಣ ಮುದ್ರೆಗಳ ವಿಷಯದಲ್ಲಿ ಮೇಷ್ಟ್ರು ಸರಿ ಅನ್ನಿಸುತ್ತದೆ. ಅವು ನಮ್ಮ ಹಳೆಯ ಮುದ್ರೆ ನಾಣ್ಯಗಳ ಮೇಲೆ ಶರಾಫರು ಒತ್ತುತ್ತಿದ್ದ ಗುರುತುಗಳನ್ನೇ ಹೋಲುತ್ತವೆ.

ರೋಮಿನವನು ಬೆಂಗಳೂರಿಗೆ ಬಂದಿದ್ದನಾ? ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಬರಬೇಕಾಗಿಯೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಡಗುಗಳು ಜುಲೈ ಹೊತ್ತಿಗೆ ಈಜಿಪ್ಟಿನಿಂದ ಹೊರಟು ಮುಂಗಾರಿನ ಗಾಳಿ ಹಿಡಿದು ಮಲಬಾರಿನ ಮುಜಿರಿಸ್‌ಗೆ ಬರುತ್ತಿದ್ದವು, ಡಿಸೆಂಬರಿನಲ್ಲಿ ಗಾಳಿ ತಿರುಗಿದಾಗ ವಾಪಸು. ಮುಜಿರಿಸ್‌ಗೆ ಬರುವವರು ಮುಖ್ಯವಾಗಿ ನಾಣ್ಯ ತರುತ್ತಾರೆ, ಅದೂ ಬಹಳ, ಅಂತ ಅದೇ ಕಾಲದ ಗ್ರೀಕ್ ನಾವಿಕನ ಕೈಪಿಡಿ 'ಪೆರಿಪ್ಲಸ್' ಹೇಳುತ್ತದೆ. ಅಲ್ಲಿಂದ ಪಾಲಕ್ಕಾಡಿನ ಕಣಿವೆ ದಾಟಿದರೆ ಕೊಂಗುನಾಡು. ಪಡಿಯೂರಿನ ಹಸಿರು ಬೆರಿಲ್ ಕಲ್ಲು, ಕೊಡುಮಣಲಿನ ಮಣಿ ಮಾಡುವ ಕಾರ್ಖಾನೆಗಳು ಎಲ್ಲ ಅಲ್ಲೇ. ನಿಧಿಗಳೂ ಆ ಕಡೆ ದಟ್ಟವಾಗಿವೆ. ಅಲ್ಲಿಂದ ಘಟ್ಟ ಹತ್ತಿದರೆ ನಮ್ಮ ಬಯಲು. ಮೆಣಸಿನವನಿಂದ ಕಲ್ಲಿನವನಿಗೆ, ಅವನಿಂದ ಬಟ್ಟೆಯವನಿಗೆ, ದನದವನಿಗೆ. ಯಶವಂತಪುರದಲ್ಲಿ ಮಡಗಿದವನಿಗೆ ರೋಮ್ ಅನ್ನುವ ಊರಿದೆ ಅಂತ ಗೊತ್ತಿತ್ತೋ ಇಲ್ಲವೋ.

ಲೆಡ್ಜರ್‌ಗೆ ಜಮಾ, ಖರ್ಚು ಎರಡೂ ಬೇಕು. ನಮ್ಮ ಕಡೆ ಬೆಳ್ಳಿ ಜಮಾ ಆಗಿದೆ ಅಂದರೆ ಆ ಕಡೆ ಮಾಲು ಜಮಾ ಆಗಿರಬೇಕು. ಅದೂ ಸಿಕ್ಕಿದೆ. ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ, ದೇವಸ್ಥಾನದೊಳಗೆ ಹೂಳಿದ್ದ ಭಾರತದ ಮಣ್ಣಿನ ಗುಡಾಣದಲ್ಲಿ ಸುಮಾರು ಏಳೂವರೆ ಕಿಲೋ ಕರಿಮೆಣಸು.

ಅದಕ್ಕಿಂತಲೂ ನನ್ನನ್ನು ಹಿಡಿದದ್ದು ವಿಯೆನ್ನಾದಲ್ಲಿರುವ ಒಂದು ಪಪೈರಸ್ ಹಾಳೆ, ಎರಡನೆಯ ಶತಮಾನದ್ದು. ಅದು ಸಾಲಪತ್ರಕ್ಕೆ ಸಂಬಂಧಪಟ್ಟದ್ದು! ಮುಜಿರಿಸ್ ಪ್ರಯಾಣಕ್ಕೆ ಕೊಟ್ಟ ಸಾಲ. ಅಡಮಾನ ಅಂದರೆ ಬರುವ ಸರಕೇ. ಗಡುವಿನೊಳಗೆ ತೀರಿಸದಿದ್ದರೆ ಸಾಲ ಕೊಟ್ಟವನು ಸರಕು ವಶಪಡಿಸಿಕೊಳ್ಳಬಹುದು ಅಂತ ಷರತ್ತೂ ಇದೆ. ಓದಿ ನಕ್ಕುಬಿಟ್ಟೆ, ನಮ್ಮ ಫಾರಂನಲ್ಲೂ ಇದೇ ಇತ್ತು. ಹಾಳೆಯ ಹಿಂಬದಿಯಲ್ಲಿ 'ಹರ್ಮಪೊಲ್ಲಾನ್' ಅನ್ನುವ ಹಡಗಿನ ಸರಕಿನ ಲೆಕ್ಕ. ದಂತ, ಗಂಗೆಯ ಕಡೆಯ ಜಟಾಮಾಂಸಿ, ಇನ್ನೂ ಏನೇನೋ. ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್. ಅಂದರೆ ಒಂದೇ ಹಡಗಿನಲ್ಲಿ ಹದಿನೇಳೂವರೆ ಲಕ್ಷ ಡಿನೇರಿಯಸ್ ಬೆಲೆಯ ಮಾಲು.

ಇಂಡಿಯಾ ವರ್ಷಕ್ಕೆ ನಮ್ಮಿಂದ 5 ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತಿದೆ ಅಂತ ಪ್ಲೀನಿ ಗೊಣಗಿದ್ದಾನೆ. ಅವನು ಲೆಕ್ಕಿಗನಲ್ಲ, ಹೆಂಗಸರ ಶೋಕಿಯಿಂದ ದೇಶ ಹಾಳಾಯಿತು ಅನ್ನುವ ಪೈಕಿ. ಅವನ ಮಾತನ್ನು ನಾನು ಅರ್ಧ ಬಿಟ್ಟೇ ಕೇಳುತ್ತಿದ್ದೆ. ಆ ಒಂದು ಹಡಗಿನ ಲೆಕ್ಕ ನೋಡಿದ ಮೇಲೆ ಸುಮ್ಮನಾದೆ. 5 ಕೋಟಿ ಸೆಸ್ಟರ್ಸ್ ಅಂದರೆ 1.25 ಕೋಟಿ ಡಿನೇರಿಯಸ್. ಪೂರ್ತಿ ಬೆಳ್ಳಿಯಲ್ಲೇ ಬಂದಿದ್ದರೆ ವರ್ಷಕ್ಕೆ ಸುಮಾರು ನಲವತ್ತೆಂಟು ಟನ್. ಅರ್ಧ ಮಾಲಿನಲ್ಲಿ ಬಂತು ಅಂದುಕೊಂಡರೂ ನಮ್ಮ ಪಟ್ಟಿಯ ಅಷ್ಟೂ ನಿಧಿ ಸೇರಿ ಅದರ ಮುಂದೆ ಚಿಲ್ಲರೆ. ಬೆಂಗಳೂರಿನ ಎರಡೂ ನಿಧಿ ಕೂಡಿದರೆ 419 ನಾಣ್ಯ, ಒಂದೂವರೆ ಕಿಲೋ ಚಿಲ್ಲರೆ.

ಉಳಿದದ್ದು ಎಲ್ಲಿ ಹೋಯಿತು? ಆಚಾರ್ರ ಮೂಸೆಗೆ. ದಕ್ಷಿಣದಲ್ಲಿ ಬೆಳ್ಳಿ ಗಣಿ ಕಮ್ಮಿ, ಬಂದ ನಾಣ್ಯ ಕರಗಿ ಕಡಗ, ಕಾಲುಂಗುರ ಆಯಿತು. ಈಗಲೂ ಹಾಗೇ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ 1878ರಿಂದಲೂ ಕಾಯ್ದೆ ಇದೆ. ಆದರೆ ರಾತ್ರೋರಾತ್ರಿ ಕರಗುವುದನ್ನು ಯಾವ ಕಾಯ್ದೆ ನಿಲ್ಲಿಸುತ್ತದೆ.

ಕರಗದೆ ಇನ್ನೊಂದು ದಾರಿ ಹಿಡಿದವೂ ಇವೆ. ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ಡಿನೇರಿಯಸ್‌ಗಿಂತ ನಾನೂರು ಐನೂರು ವರ್ಷ ಈಚಿನವು. ಎರಡನೆಯ ಥಿಯೊಡೋಸಿಯಸ್‌ನಿಂದ ಒಂದನೆಯ ಜಸ್ಟಿನ್‌ವರೆಗಿನ, ಅಂದರೆ ನಮ್ಮ ಕದಂಬರ ಕಾಲದ, ಬೈಜಾಂಟಿಯಮ್ (ಪೂರ್ವ ರೋಮ್) ಚಕ್ರವರ್ತಿಗಳವು. ಇಲ್ಲೇ ನೋಡಿ ಮಾಡಿದ ನಕಲುಗಳೂ ಆ ರಾಶಿಯಲ್ಲಿವೆ. ದಕ್ಷಿಣದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಅನೇಕಕ್ಕೆ ಚಕ್ರವರ್ತಿಯ ತಲೆಯ ಮೇಲೆ ಎರಡು ತೂತು ಇವೆ. ಫೋಟೋ ನೋಡಿದ ಕೂಡಲೇ ನನಗೆ ನಮ್ಮ ಕೌಂಟರ್ ಕಣ್ಣಿಗೆ ಬಂತು. ಕಾಸಿನ ಸರ ಎಷ್ಟು ತೂಗಿದ್ದೇನೋ! ಒಂದೇ ತೂತಾದರೆ ಕಾಸು ದಾರದ ಮೇಲೆ ಗಿರಗಿರ ತಿರುಗುತ್ತದೆ. ಎರಡಿದ್ದರೆ ಮುಖ ನೆಟ್ಟಗೆ ನಿಲ್ಲುತ್ತದೆ. ಯಾರ ಮುಖ ಅಂತ ಗೊತ್ತಿರದಿದ್ದರೂ ಅದು ತಲೆಕೆಳಗಾಗಬಾರದು ಅಂತ ಹಾಕಿಕೊಂಡವಳಿಗೆ ಅನ್ನಿಸಿದೆ ನೋಡಿ.

ಈಗ ಆ ಹನ್ನೊಂದನೆಯ ನಾಣ್ಯ. 3.1 ಗ್ರಾಂ. ಕೂತ ಅಮ್ಮನ ಬಗೆಯೇ. ಆದರೆ ಅಕ್ಷರಗಳು ಓದಲು ಬರುವುದಿಲ್ಲ, ಸವೆದು ಅಲ್ಲ, ಅವು ಅಕ್ಷರಗಳೇ ಅಲ್ಲ, ಕೋಲು ಮತ್ತು ಸೊನ್ನೆ. ಅಮ್ಮನ ಕುರ್ಚಿಗೆ ಕಾಲು ಒಂದು ಜಾಸ್ತಿ. ಲ್ಯಾಟಿನ್ ಬಾರದವನು ಯಾರೋ ನೋಡಿ ಕೆತ್ತಿದ ಅಚ್ಚು. ನನ್ನ ಅನುಮಾನ ಅದರ ಒಳಗೆ ತಾಮ್ರ ಇದೆ ಅಂತ. ಅಂಚಿನಲ್ಲಿ ಒಂದು ಕಡೆ ಕೆಂಪು ಛಾಯೆ ಕಾಣುತ್ತದೆ, ಭೂತಗನ್ನಡಿಯಲ್ಲಿ. ಮೇಷ್ಟ್ರು ಅದು ಮಣ್ಣಿನ ಬಣ್ಣ ಅನ್ನುತ್ತಾರೆ.

ಹೋದ ಭಾನುವಾರ ಮತ್ತೆ ಕೂತಿದ್ದೆವು. "ಮೇಷ್ಟ್ರೇ, ಅಂಚಿನಲ್ಲಿ ಒಂದೇ ಒಂದು ಸಣ್ಣ ಕಚ್ಚು ಹಾಕಿ ನೋಡೋಣ. ಶರಾಫರು ಹಾಕ್ತಿದ್ರು ಅಂತ ನೀವೇ ಹೇಳಿದ್ರಲ್ವಾ" ಎಂದೆ.

ಅವರು ಏನೂ ಹೇಳದೆ ಪೆಟ್ಟಿಗೆ ಮುಚ್ಚಿ ಕಾಫಿಗೆ ಒಳಗೆ ಕೂಗಿದರು.